ತಂತಿಗೆ ಚುಚ್ಚಿದ ಹಬ್ಬದ ಕಾಗದಗಳು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ಹಸುವಿನ ಆರೈಕೆ, ಮೇವು, ಹಾಲಿನ ಗುಣಮಟ್ಟ ಇವುಗಳ ಬಗ್ಗೆ ತಿಳಿದವರು ಬರೆಯುತ್ತಾರೆ. ನನ್ನ ಪಾಲಿಗೆ ‘ಇತಿಹಾಸ’ ಅಂತ ಬಂತು. ನಮ್ಮೂರಿನಲ್ಲಿ ಶಾಸನವಿಲ್ಲ, ಕೋಟೆಯಿಲ್ಲ, ರಾಜರು ಬಂದು ಹೋದ ದಾಖಲೆಯಿಲ್ಲ. ಹಾಗಾದರೆ ಏನು ಬರೆಯುವುದು ಅಂತ ಯೋಚನೆ ಮಾಡುತ್ತಿದ್ದಾಗ ನಮ್ಮ ಮನೆಯ ಅಟ್ಟದ ಮೇಲೆ ಇಟ್ಟಿರುವ ಒಂದು ಕಾಗದದ ಕಟ್ಟು ನೆನಪಿಗೆ ಬಂತು. ಅದು ನಮ್ಮ ಅಜ್ಜಿ ತನ್ನ ತವರಿಗೆ ಬರೆಸಿದ ಗೌರಿಹಬ್ಬದ ಕಾಗದಗಳು. ಒಂದು ಮನೆಯ ವಿಷಯವನ್ನು ಸಂಘದ ಪುಸ್ತಕದಲ್ಲಿ ಬರೆಯಬಹುದೇ ಅಂತ ಮೊದಲು ಸಂಕೋಚವಾಯಿತು. ಪೂರ್ತಿ ಓದಿದ ಮೇಲೆ ಇದು ಒಂದು ಮನೆಯ ವಿಷಯ ಮಾತ್ರ ಅಲ್ಲ ಅಂತ ತಮಗೇ ತಿಳಿಯುತ್ತದೆ.

ಕಾಗದ ಬಂದ ಬಗೆ

ನಮ್ಮ ಅಜ್ಜಿಯ ತವರು ನಾಗಮಂಗಲ ತಾಲ್ಲೂಕು. ನಮ್ಮದು ಮಂಡ್ಯದ ಕಡೆಯ ನಾಲೆ ಸೀಮೆ. ನಡುವೆ ಸುಮಾರು 40 ಕಿಲೋಮೀಟರು. ಆದರೆ ಎರಡು ಮನೆಗೂ ಸುಮಾರು ಐವತ್ತು ವರ್ಷದಿಂದ ಹೋಗಿ ಬರುವ ರೂಢಿ ಇರಲಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಜ್ಜಿಯ ಅಣ್ಣನ ಮೊಮ್ಮಗ ಕೈಯಲ್ಲಿ ಒಂದು ಚೀಲ ಹಿಡಿದುಕೊಂಡು ನಮ್ಮ ಜಗಲಿಗೆ ಬಂದ. ಹಳೇ ತೊಟ್ಟಿ ಮನೆ ಕೀಳಿಸಿ ಹೊಸ ಮನೆ ಕಟ್ಟಿಸುತ್ತಿದ್ದರಂತೆ. ತೊಲೆಗೆ ನೇತು ಹಾಕಿದ್ದ ತಂತಿಯಲ್ಲಿ ಕಾಗದಗಳು ಇದ್ದವಂತೆ. “ನಿಮ್ಮಜ್ಜಿ ಕಾಗ್ದ ಕಣಣ್ಣ. ಸುಡಕ್ಕೆ ಮನ್ಸು ಬರ್ನಿಲ್ಲ. ನಿಮ್ಮಲ್ಲೇ ಇರ್ಲಿ ಅಂತ ತಂದೆ” ಅಂದ. ಕಾಫಿ ಕುಡಿದು ಹೊರಟುಹೋದ. ಊಟಕ್ಕೆ ನಿಲ್ಲು ಅಂತ ನಾವೂ ಬಲವಂತ ಮಾಡಲಿಲ್ಲ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹಿಂದಿನ ಕಾಲದಲ್ಲಿ ಬಹಳ ಮನೆಗಳಲ್ಲಿ ಇಂಥ ತಂತಿ ಇತ್ತು. ಹಿರಿಯರಿಗೆ ನೆನಪಿರಬಹುದು. ತುದಿ ಚೂಪಾಗಿ ಬಗ್ಗಿಸಿದ ಒಂದು ಕಬ್ಬಿಣದ ತಂತಿ, ಬುಡದಲ್ಲಿ ಒಂದು ಮರದ ಬಿಲ್ಲೆ. ಬಂದ ಕಾಗದ, ಕಂದಾಯದ ರಸೀತಿ, ಮನಿಆರ್ಡರ್ ಚೀಟಿ ಎಲ್ಲವನ್ನೂ ಓದಿ ಅದಕ್ಕೆ ಚುಚ್ಚುತ್ತಿದ್ದರು. ಹಳೆಯದು ಕೆಳಗೆ, ಹೊಸದು ಮೇಲೆ. ಹೀಗಾಗಿ ತಾರೀಖು ಅಳಿಸಿಹೋದ ಕಾಗದವೂ ಯಾವುದರ ಹಿಂದೆ, ಯಾವುದರ ಮುಂದೆ ಬಂತು ಅಂತ ತಂತಿಯೇ ಹೇಳುತ್ತದೆ. ಇದೇ ಕಾರಣಕ್ಕೆ ನಾನು ಅವನ್ನು ತಂತಿಯಿಂದ ಬಿಚ್ಚುವ ಮೊದಲು ಒಂದೊಂದರ ಹಿಂದೆಯೂ ಸೀಸದ ಕಡ್ಡಿಯಿಂದ ನಂಬರು ಹಾಕಿದೆ.

ಅಜ್ಜಿಯ ಹಬ್ಬದ ಕಾಗದ ಒಟ್ಟು 25. ನಮ್ಮ ಸಂಘದ ವಯಸ್ಸೂ ಅಷ್ಟೇ ಆಯಿತು, ಅದು ಒಂದು ಯೋಗಾಯೋಗ. ಮೊದಲನೆಯದು 1946ರದು, ಕಡೆಯದು 1973ರದು. ಬಹುಪಾಲು ಕಾರ್ಡುಗಳು, ಕೆಲವು ಇನ್‌ಲ್ಯಾಂಡ್ ಕಾಗದಗಳು. ಎಲ್ಲವೂ ಹಬ್ಬಕ್ಕೆ ಹದಿನೈದು ಇಪ್ಪತ್ತು ದಿನ ಮುಂಚೆ ಬರೆಸಿದವು. ಅಣ್ಣನನ್ನು ಹಬ್ಬಕ್ಕೆ ಕರೆಯುವುದು, ಬರುವಾಗ ಇಂಥದ್ದು ತನ್ನಿ ಅನ್ನುವುದು, ಮಳೆ ಬೆಳೆ ತಿಳಿಸುವುದು, ಇಷ್ಟೇ ವಿಷಯ.

ಸಂವತ್ಸರದ ಲೆಕ್ಕ

ಕಾಗದದ ಮೇಲೆ ಇಸವಿ ಇರುವುದು ಕಡಿಮೆ. ‘ಸರ್ವಜಿತು ಸಂವತ್ಸರದ ಶ್ರಾವಣ ಬಹುಳ ಪಂಚಮಿ’ ಅಂತ ಇರುತ್ತದೆ. ಸಂವತ್ಸರಗಳು ಅರವತ್ತು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. 1987ರ ಯುಗಾದಿಗೆ ಪ್ರಭವ ಶುರುವಾಯಿತು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸರ್ವಜಿತು ಅಂದರೆ 1947, ದುರ್ಮುಖಿ ಅಂದರೆ 1956, ಪ್ರಮಾದಿ ಅಂದರೆ 1973. ನಿಮ್ಮ ಮನೆಯಲ್ಲಿ ಹಳೇ ಪತ್ರ ಇದ್ದರೆ ಪಂಚಾಂಗ ಇಟ್ಟುಕೊಂಡು ಹೀಗೇ ಲೆಕ್ಕ ಹಾಕಬಹುದು. ಅಂಚೆಯ ಮುದ್ರೆ ಅಳಿಸಿರದಿದ್ದರೆ ಅದರ ಜೊತೆ ತಾಳೆ ನೋಡಬೇಕು.

‘ಅಂಚೆ’ ಅನ್ನುವ ಮಾತಿಗೂ ನಮ್ಮ ಮೈಸೂರಿಗೂ ಬಹಳ ಹಳೇ ನಂಟು. 1672ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಸೀಮೆಯಲ್ಲಿ ಅಂಚೆಯ ವ್ಯವಸ್ಥೆ ಮಾಡಿದರು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಇಂಡಿಯಾದಲ್ಲಿ ಕಾರ್ಡು ಬಂದದ್ದು 1879ರಲ್ಲಿ, ಆಗ ಅದಕ್ಕೆ ಕಾಲಾಣೆ. ಬಡವರು ಬಂಧುಗಳಿಗೆ ಸುದ್ದಿ ತಿಳಿಸಲು ಕಾರ್ಡಿಗಿಂತ ಸೋವಿಯಾದ ದಾರಿ ಇರಲಿಲ್ಲ. ಆದರೆ ಕಾರ್ಡಿಗೆ ಮುಚ್ಚಳವಿಲ್ಲ. ಅಂಚೆಯವನು ಓದಬಹುದು, ದಾರಿಯಲ್ಲಿ ಹೋಗುವವನೂ ಓದಬಹುದು. ಆದ್ದರಿಂದ ಕಾರ್ಡಿನಲ್ಲಿ ಜನ ಬರೆದದ್ದಕ್ಕಿಂತ ಬಿಟ್ಟದ್ದು ಹೆಚ್ಚು. ಇದನ್ನು ನೆನಪಿನಲ್ಲಿಟ್ಟುಕೊಂಡೇ ಹಳೇ ಕಾಗದ ಓದಬೇಕು.

ಅಜ್ಜಿಯ ಮಾತು, ಬೇರೆಯವರ ಅಕ್ಷರ

ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆ ಕಾಲದಲ್ಲಿ ಅದೇನೂ ಆಶ್ಚರ್ಯವಲ್ಲ. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ನೂರು ಹೆಂಗಸರಲ್ಲಿ ಅಕ್ಷರ ಬಲ್ಲವರು ಸುಮಾರು 9 ಜನ ಮಾತ್ರ. ಹಾಗಾಗಿ 25 ಕಾಗದವೂ ಬೇರೆಯವರು ಬರೆದುಕೊಟ್ಟದ್ದು. ಅಕ್ಷರ ನೋಡಿದರೆ ಮೂರು ಕೈ ಗೊತ್ತಾಗುತ್ತದೆ.

ಮೊದಲ ಹದಿಮೂರು ವರ್ಷ ಊರಿನ ಶಾಲೆಯ ಮೇಷ್ಟರ ಕೈ. ಮುತ್ತು ಪೋಣಿಸಿದ ಹಾಗೆ ಅಕ್ಷರ. “ತೀರ್ಥರೂಪ ಸಮಾನರಾದ ಅಣ್ಣಯ್ಯನವರಿಗೆ ನಿಮ್ಮ ತಂಗಿ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉ|| ಕು|| ಸಾಂ||” ಅಂತ ಶುರುವಾಗುತ್ತದೆ. ಉಭಯ ಕುಶಲೋಪರಿ ಸಾಂಪ್ರತ ಅನ್ನುವುದನ್ನು ಹಾಗೆ ಮೊಟಕಾಗಿ ಬರೆಯುತ್ತಿದ್ದರು. ನಮ್ಮ ಅಜ್ಜಿ ಜನ್ಮದಲ್ಲಿ ಅಂಥ ಮಾತು ಆಡಿದವಳಲ್ಲ. ಅದು ಮೇಷ್ಟರ ಭಾಷೆ.

ಆಮೇಲೆ ಎರಡು ವರ್ಷ ತಾತನ ಪರಿಚಯದ ಯಾರೋ ಒಬ್ಬರ ಕೈ. ಮೂರೇ ಸಾಲು, ಲೆಕ್ಕದ ಪುಸ್ತಕದ ಹಾಗೆ.

1962ರಿಂದ ನಮ್ಮ ತಂದೆಯವರ ಕೈ. ಆಗ ಅವರಿಗೆ ಹತ್ತು ವರ್ಷ. ಹತ್ತು ವರ್ಷದ ಹುಡುಗನಿಗೆ ಗ್ರಾಂಥಿಕ ಎಲ್ಲಿ ಬರಬೇಕು? ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದಾರೆ: “ಅಣ್ಣಯ್ಯ, ಎಮ್ಮೆ ಕರ ಹಾಕ್ತು. ಹೆಣ್ಗರ. ಗಿಣ್ಣು ಕಳಿಸಕ್ಕೆ ಯಾರೂ ಸಿಕ್ನಿಲ್ಲ. ಹಬ್ಬುಕ್ಕೆ ನೀನೇ ಬಾ.” ಈ ಸಾಲು ಓದಿದಾಗ ಅಜ್ಜಿಯ ದನಿ ನನ್ನ ಕಿವಿಗೆ ಬಿದ್ದಂತಾಯಿತು. ಮೇಷ್ಟರು ‘ನೀವು’ ಅಂತ ಬರೆದ ಕಡೆಯೆಲ್ಲ ಅಜ್ಜಿ ಹೇಳಿದ್ದು ‘ನೀನು’ ಅಂತಲೇ ಇರಬೇಕು. ಕಾಗದ ಯಾರದು ಅನ್ನುವುದರ ಜೊತೆಗೆ ಬರೆದವರು ಯಾರು ಅಂತಲೂ ನೋಡಬೇಕು ಅನ್ನುವುದನ್ನು ನಾನು ಹೀಗೆ ಕಲಿತೆ.

ನಾಲೆ, ಆಣೆ, ಸೇರು

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಹುಲಿಕೆರೆಯ ಸುರಂಗ ದಾಟಿ ಮಂಡ್ಯದ ಕಡೆಗೆ ನಾಲೆ ನೀರು ಹರಿದದ್ದು 1930ರ ದಶಕದ ಮೊದಲ ವರ್ಷಗಳಲ್ಲಿ. ಆಗ ಅದರ ಹೆಸರು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಇವೆಲ್ಲ ಪುಸ್ತಕದಲ್ಲಿ ಇವೆ. ನಮ್ಮ ಅಜ್ಜಿ ಈ ನಾಲೆ ಸೀಮೆಗೆ ಸೊಸೆಯಾಗಿ ಬಂದದ್ದು 1943ರಲ್ಲಿ. ರಾಗಿ ಹುರುಳಿಯ ಬೆದ್ದಲು ಸೀಮೆಯ ಹುಡುಗಿ ನೀರು ನಿಂತ ಗದ್ದೆ ಕಂಡದ್ದು ಇಲ್ಲಿಗೆ ಬಂದ ಮೇಲೆ. 1946ರ ಕಾಗದದಲ್ಲಿ “ಇಲ್ಲಿ ದಿನವೂ ಅನ್ನ ಉಂಟು, ಆದರೆ ಮುದ್ದೆಯ ರುಚಿ ಇಲ್ಲ” ಅಂತ ಇದೆ. ಅದೇ ಕಾಗದದಲ್ಲಿ ಬಟ್ಟೆಗೂ ಸೀಮೆಎಣ್ಣೆಗೂ ಕಂಟ್ರೋಲು, ಹಬ್ಬಕ್ಕೆ ಸೀರೆ ಸಿಕ್ಕುವುದಿಲ್ಲ ಅಂತ ಬರೆಸಿದ್ದಾಳೆ. ಮಹಾಯುದ್ಧ 1945ರಲ್ಲೇ ಮುಗಿದಿದ್ದರೂ ಕಂಟ್ರೋಲು ಮುಗಿದಿರಲಿಲ್ಲ ಅನ್ನುವುದು ಇದರಿಂದ ತಿಳಿಯುತ್ತದೆ.

1947ರ ಕಾಗದ ಸೆಪ್ಟೆಂಬರ್ ತಿಂಗಳದು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಆದರೆ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ‘ಮೈಸೂರು ಚಲೋ’ ಚಳವಳಿ ನಡೆಯುತ್ತಿತ್ತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅಜ್ಜಿಯ ಕಾಗದದಲ್ಲಿ ಇದರ ಬಗ್ಗೆ ಇರುವುದು ಒಂದೇ ಸಾಲು: “ಗಲಾಟೆ ಇದೆಯಂತೆ, ಪೇಟೆ ದಾರಿಯಲ್ಲಿ ಬರಬೇಡಿ, ಹಳ್ಳಿ ದಾರಿಯಲ್ಲೇ ಬನ್ನಿ.” ಅಣ್ಣ ಜೋಪಾನವಾಗಿ ಬಂದರೆ ಸಾಕು ಅನ್ನುವುದು ಅವಳಿಗೆ ಮುಖ್ಯ.

1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯಾ ಪೈಸೆ ಬಂತು. ರೂಪಾಯಿಗೆ 16 ಆಣೆ ಇದ್ದದ್ದು 100 ಪೈಸೆ ಆಯಿತು. ಅಂದರೆ ಒಂದು ಆಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆ ಯಾರ ಪಾಲು? ಹೇವಿಳಂಬಿ ಸಂವತ್ಸರದ ಕಾಗದದಲ್ಲಿ ಅಜ್ಜಿ ಹೇಳಿಸಿದ್ದಾಳೆ: “ಸಂತೆಯಲ್ಲಿ ಹೊಸ ಕಾಸಿನ ಲೆಕ್ಕ ತಿಳಿಯದೆ ಮೋಸ ಹೋಗುತ್ತಿದ್ದೇವೆ.” 1962ಕ್ಕೆ ಸೇರು ಹೋಗಿ ಕಿಲೋ ಕಡ್ಡಾಯವಾಯಿತು. ಆದರೆ 1966ರ ಕಾಗದದಲ್ಲೂ ಅಜ್ಜಿ ‘ಎರಡು ಪಲ್ಲ ಭತ್ತ’ ಅಂತಲೇ ಅಂದಿದ್ದಾಳೆ. ಕಾನೂನು ಒಂದು ದಿನದಲ್ಲಿ ಬದಲಾಗುತ್ತದೆ, ಅಡಿಗೆಮನೆಯ ಅಳತೆ ಬದಲಾಗಲು ಒಂದು ತಲೆಮಾರು ಬೇಕು.

ಇಲ್ಲದ ಕಾಗದ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1946ರಿಂದ 1973ರವರೆಗೆ ಹಬ್ಬಗಳು 28. ಕಾಗದ 25. ಹಾಗಾದರೆ ಮೂರು ಎಲ್ಲಿ?

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ನೆನೆಯಬೇಕು. ಸಾವಿನ ಸುದ್ದಿ ಹೊತ್ತು ಬಂದ ಕಾಗದವನ್ನು ಮನೆಯೊಳಗೆ ಇಡುತ್ತಿರಲಿಲ್ಲ. ಓದಿ, ಹರಿದು, ಆಚೆ ಹಾಕುತ್ತಿದ್ದರು. ಸಾವಾದ ವರ್ಷ ಹಬ್ಬವೂ ಇಲ್ಲ, ಹಬ್ಬದ ಕಾಗದವೂ ಇಲ್ಲ. ಆದ್ದರಿಂದ ತಂತಿಯಲ್ಲಿ ಉಳಿಯುವುದು ಬರೀ ಹಬ್ಬ ಆದ ವರ್ಷಗಳು. ಮನೆಯ ದುಃಖ ಗೊತ್ತಾಗಬೇಕಾದರೆ ಇಲ್ಲದ ಕಾಗದವನ್ನು ಎಣಿಸಬೇಕು.

ಇಲ್ಲದ ವರ್ಷಗಳು 1950, 1955, 1961. 1955ರಲ್ಲಿ ಮುತ್ತಾತ ಹೋದರು, 1961ರಲ್ಲಿ ಮುತ್ತಜ್ಜಿ. ಇವೆರಡೂ ಮನೆಯಲ್ಲಿ ಎಲ್ಲರಿಗೂ ಗೊತ್ತು. 1950ರಲ್ಲಿ ಯಾರು? ನಮ್ಮ ತಂದೆಯವರನ್ನು ಕೇಳಿದೆ. ಅವರು ಹುಟ್ಟಿದ್ದು 1952ರಲ್ಲಿ. “ಗೊತ್ತಿಲ್ಲ, ಕಾಗದ ಕಳೆದುಹೋಗಿರಬೇಕು” ಅಂದರು. ಆದರೆ ತಂತಿಯ ಕಾಗದ ಮಧ್ಯದಿಂದ ಒಂದೇ ಒಂದು ಕಳೆಯುವುದು ಹೇಗೆ?

ಮತ್ತೆ ಮೊದಲಿನಿಂದ ಓದಿದೆ. 1946ರ ಕಾಗದದಲ್ಲಿ “ಮಗು ಅಂಬೆಗಾಲಿಡುತ್ತಿದೆ” ಅಂತ ಇದೆ. ಇದು ನಮ್ಮ ದೊಡ್ಡಪ್ಪ ಅಂತ ಓದುತ್ತಾ ಬಂದಿದ್ದೆ. ಆದರೆ ದೊಡ್ಡಪ್ಪನ ಶಾಲೆಯ ದಾಖಲೆ ನೋಡಿದರೆ ಅವರು ಹುಟ್ಟಿದ್ದು 1948ರಲ್ಲಿ. ಹಾಗಾದರೆ 1946ರ ಮಗು ಯಾವುದು? 1949ರ ಕಾಗದದಲ್ಲಿ ಉತ್ತರ ಇತ್ತು, ನಾನೇ ಗಮನಿಸಿರಲಿಲ್ಲ: “ಬರುವಾಗ ಹಸಿರು ಗಾಜಿನ ಬಳೆ ನನಗೆ ಒಂದು ಡಜನ್, ಸಣ್ಣ ಅಳತೆಯದು ಒಂದು ಡಜನ್ ತರುವುದು. ಊರಲ್ಲೆಲ್ಲ ಚಳಿಜ್ವರ. ಕ್ವಿನೈನ್ ಮಾತ್ರೆ ಸಿಕ್ಕುತ್ತಿಲ್ಲ.” 1950ರಲ್ಲಿ ಕಾಗದ ಇಲ್ಲ. 1951ರ ಕಾಗದದಲ್ಲಿ ಹೀಗಿದೆ: “ಈ ಸಲ ಒಂದೇ ಅಳತೆಯ ಬಳೆ ಸಾಕು.”

ಅಷ್ಟೇ. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ.

ತಾತನ ತಂಗಿ ಒಬ್ಬರಿದ್ದಾರೆ, ನಾವು ಚಿಕ್ಕಜ್ಜಿ ಅನ್ನುತ್ತೇವೆ. ತೊಂಬತ್ತರ ಹತ್ತಿರ ವಯಸ್ಸು. 1950ರಲ್ಲಿ ಅವರು ಇದೇ ಮನೆಯಲ್ಲಿದ್ದ ಹುಡುಗಿ. ಅವರ ಹತ್ತಿರ ಹೋಗಿ ಕೂತು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. “ಯಾಕಪ್ಪ ಈಗ ಅದ್ನ ಕೇಳೀಯೆ?” ಅಂದರು. ಆಮೇಲೆ ತಾವೇ ಹೇಳಿದರು: “ಚಳಿಜ್ವರ ಬಂದು ಮೂರೇ ದಿನುಕ್ಕೆ ಹೋಯ್ತು ಕಣ್ ಮಗ. ಐದು ವರ್ಷದ ಕೂಸು. ಹಬ್ಬ ಇನ್ನೊಂದು ತಿಂಗ್ಳಿತ್ತು. ಆ ವರ್ಷ ಹಬ್ಬ ಮಾಡ್ನಿಲ್ಲ. ಆಮೇಕೆ ನಿಮ್ಮಜ್ಜಿ ಆ ಹೆಸ್ರ ಯಾರೂ ಎತ್ತಬ್ಯಾಡಿ ಅಂದ್ಲು. ನಾವೂ ಎತ್ನಿಲ್ಲ.”

ನಾಲೆ ನೀರಿನಿಂದ ನಮ್ಮ ಸೀಮೆ ಅನ್ನ ಕಂಡಿತು. ಅದೇ ನೀರು ನಿಂತ ಕಡೆ ಸೊಳ್ಳೆ ಹೆಚ್ಚಿ ಚಳಿಜ್ವರವೂ ಹೆಚ್ಚಿತು. ಸರ್ಕಾರ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ತಂದು ಡಿ.ಡಿ.ಟಿ. ಹೊಡೆಸಲು ಶುರು ಮಾಡಿದ್ದು 1953ರಲ್ಲಿ. ನಮ್ಮ ಮನೆಗೆ ಮೂರು ವರ್ಷ ತಡವಾಯಿತು.

ತಂದೆಯವರಿಗೆ ಈ ವಿಷಯ ಹೇಳಿದಾಗ “ನಂಗೊಬ್ಬ ಅಕ್ಕ ಇದ್ಲಾ?” ಅಂದರು, ಅಷ್ಟೇ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ಹೋದರು. ಕತ್ತಲಾದ ಮೇಲೆ ಬಂದರು.

ನನಗೆ ಇನ್ನೊಂದು ನೆನಪಾಯಿತು. ನಮ್ಮ ಅಜ್ಜಿ ತೀರಿಕೊಂಡದ್ದು 1991ರಲ್ಲಿ, ಆಗ ನಾನು ಹುಡುಗ. ಗೌರಿಹಬ್ಬದಲ್ಲಿ ಮುತ್ತೈದೆಯರಿಗೆ ಕೊಡುವ ಬಾಗಿನದ ಮೊರಗಳ ಪಕ್ಕದಲ್ಲಿ ಅಜ್ಜಿ ಒಂದು ಸಣ್ಣ ಮೊರ ಇಡುತ್ತಿದ್ದಳು. ಅದರಲ್ಲಿ ಅರಿಶಿನ, ಕುಂಕುಮ, ಸಣ್ಣ ಅಳತೆಯ ಹಸಿರು ಬಳೆ. ಇದು ಯಾರಿಗಜ್ಜಿ ಅಂತ ನಾವು ಮಕ್ಕಳು ಕೇಳಿದರೆ “ಅದು ದೇವರದು, ಮುಟ್ಟಬೇಡಿ” ಅನ್ನುತ್ತಿದ್ದಳು. ಯಾವ ದೇವರು ಅಂತ ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಭೋಗ್ಯದ ಗದ್ದೆ

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಇದು ಹೇಳಲು ಸ್ವಲ್ಪ ಕಷ್ಟ, ಯಾಕೆಂದರೆ ತಪ್ಪು ನಮ್ಮ ಕಡೆಯದು.

1956ರಲ್ಲಿ ಚಿಕ್ಕಜ್ಜಿಯ ಮದುವೆಗೆ ನಮ್ಮ ತಾತ 1 ಎಕರೆ 10 ಗುಂಟೆ ನಾಲೆ ಗದ್ದೆಯನ್ನು 400 ರೂಪಾಯಿಗೆ ಭೋಗ್ಯ ಹಾಕಿದರು. ಹಣ ತೀರುವ ತನಕ ಗದ್ದೆಯ ಬೆಳೆ ಸಾಲ ಕೊಟ್ಟವನದು. ಆಗ ರೈತ ಇನ್ನೆಲ್ಲಿಗೆ ಹೋಗಬೇಕಿತ್ತು? ನಮ್ಮ ನಾಡಿನಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದ್ದರು, ನಿಜ. ಆದರೆ 1951-52ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ ಕಂಡದ್ದೇನು? ರೈತ ಮಾಡಿದ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು 3 ರೂಪಾಯಿ ಚಿಲ್ಲರೆ. ಬಡ್ಡಿ ವ್ಯವಹಾರದವರಿಂದ ಬಂದದ್ದು ಸುಮಾರು 70 ರೂಪಾಯಿ. ನಮ್ಮ ತಾತ ಆ ಎಪ್ಪತ್ತರ ಲೆಕ್ಕದಲ್ಲಿ ಸೇರಿದವರು.

ನಮ್ಮ ಮನೆಯಲ್ಲಿ ನಡೆದು ಬಂದ ಮಾತು ಹೀಗೆ: ‘ತಾತ ಕಬ್ಬು ಬೆಳೆದು, ಕಬ್ಬಿನ ದುಡ್ಡಿನಲ್ಲಿ ಭೋಗ್ಯ ಬಿಡಿಸಿಕೊಂಡರು. ಅಜ್ಜಿಯ ತವರಿನವರು ಕಷ್ಟಕ್ಕೆ ಆಗಲಿಲ್ಲ.’ 1974ರಲ್ಲಿ ಹೆಣ್ಣು ಕೊಡುವ ವಿಷಯದಲ್ಲಿ ಎರಡು ಮನೆಗೂ ಮನಸ್ತಾಪ ಬಂತು. ಆಗ ನಮ್ಮವರು ಇದೇ ಮಾತನ್ನು ನಾಲ್ಕು ಜನರ ಮುಂದೆ ಎತ್ತಿ ಆಡಿದರು. ಅಲ್ಲಿಗೆ ಹೋಗಿ ಬರುವುದು ನಿಂತಿತು. ಹಬ್ಬದ ಕಾಗದವೂ ನಿಂತಿತು. ಕಡೆಯ ಕಾಗದ 1973ರದು, ವಿಳಾಸದಲ್ಲಿ ‘ಮೈಸೂರು ರಾಜ್ಯ’ ಅಂತ ಇದೆ. ಅದೇ ನವೆಂಬರ್ 1ಕ್ಕೆ ರಾಜ್ಯ ಕರ್ನಾಟಕವಾಯಿತು. ‘ಕರ್ನಾಟಕ ರಾಜ್ಯ’ ಅಂತ ಬರೆದ ಕಾಗದ ಅಜ್ಜಿಯಿಂದ ತವರಿಗೆ ಹೋಗಲೇ ಇಲ್ಲ.

‘ತವರಿನವರು ಆಗಲಿಲ್ಲ’ ಅನ್ನುವ ಮಾತನ್ನು ನಾನೂ ನನ್ನ ಮಕ್ಕಳಿಗೆ ಹೇಳಿದ್ದೇನೆ.

ಈಗ 1958ರ, ಅಂದರೆ ವಿಳಂಬಿ ಸಂವತ್ಸರದ ಕಾಗದ ಓದಿ. ಅದು ಕಾರ್ಡಲ್ಲ, ಮುಚ್ಚಿ ಅಂಟಿಸಿದ ಇನ್‌ಲ್ಯಾಂಡ್. ಯಾಕೆ ಅಂತ ಓದಿದ ಮೇಲೆ ಗೊತ್ತಾಯಿತು: “ನೀವು ಆಳಿನ ಕೈಲಿ ಕಳಿಸಿದ ನಾನೂರು ರೂಪಾಯಿ ಮುಟ್ಟಿತು. ಭೋಗ್ಯದ ಗದ್ದೆ ಕೈಸೇರಿತು. ಎತ್ತಿನ ಜೋಡಿ ಮಾರಿ ಕೊಟ್ಟಿರೆಂದು ಕೇಳಿ ನನಗೆ ಊಟ ಸೇರಲಿಲ್ಲ. ಇನ್ನು ಮುಂದೆ ಆ ಗದ್ದೆಗೆ ಕಬ್ಬು ಹಾಕಬೇಕೆಂದಿದ್ದಾರೆ. ಯಜಮಾನರು ಊರಿನಲ್ಲಿ ತಲೆ ತಗ್ಗಿಸಬಾರದೆಂದು ಹಣದ ಸಂಗತಿ ಇಲ್ಲಿ ಯಾರಿಗೂ ಹೇಳಿಲ್ಲ. ನೀವೂ ಯಾರಿಗೂ ಹೇಳಬೇಡಿ.”

ಒಂದೇ ಕಾಗದ ನಂಬಿ ತೀರ್ಮಾನ ಮಾಡಬಾರದು ಅಂತ ನಮ್ಮ ಮನೆಯ ಪೆಟ್ಟಿಗೆ ತೆಗೆದು ನೋಡಿದೆ. ವಾಪಸ್ಸು ಬಂದ ಭೋಗ್ಯದ ಪತ್ರ ಇತ್ತು. ಅದರ ಹಿಂದೆ ‘ಹಣ ಪೂರಾ ಸಂದಾಯವಾಗಿದೆ’ ಅಂತ ಷರಾ, 1958ರ ಆಗಸ್ಟ್ ತಿಂಗಳದು. ಆ ಗದ್ದೆಯ ಕಬ್ಬು ಕಾರ್ಖಾನೆಗೆ ಹೋದ ತೂಕದ ಚೀಟಿಗಳೂ ಇದ್ದವು. ಮೊದಲನೆಯ ಚೀಟಿ 1960ರದು. ಅಂದಮೇಲೆ ಕಬ್ಬಿನಿಂದ ಭೋಗ್ಯ ಬಿಡಲಿಲ್ಲ. ಭೋಗ್ಯ ಬಿಟ್ಟ ಮೇಲೆ ಕಬ್ಬು ಬಂತು. ನಮ್ಮ ತಾತನ ದುಡಿಮೆ ಸುಳ್ಳಲ್ಲ, ಆ ಗದ್ದೆಯಲ್ಲಿ ಅವರು ಸುರಿಸಿದ ಬೆವರಿಗೆ ಲೆಕ್ಕವಿಲ್ಲ. ಆದರೆ ಗದ್ದೆ ವಾಪಸ್ಸು ತಂದದ್ದು ನಾಗಮಂಗಲ ಸೀಮೆಯ ಒಂದು ಜೊತೆ ಎತ್ತು.

ಅಜ್ಜಿ ಆ ಋಣವನ್ನು ಮರೆತಿರಲಿಲ್ಲ. 1965-66ರಲ್ಲಿ ದೇಶದ ಬಹಳ ಕಡೆ ಮಳೆ ಹೋಗಿ ಬರ ಬಂತು. ಬೆದ್ದಲು ಸೀಮೆಯವರಿಗೆ ಬಹಳ ಕಷ್ಟವಾಯಿತು. ಮೇಲೆ ಹೇಳಿದ 1966ರ ಎರಡು ಪಲ್ಲ ಭತ್ತ ಆಗ ತವರಿಗೆ ಕಳಿಸಿದ್ದು. “ಇದು ಸಾಲ ತೀರ್ಸಕ್ಕಲ್ಲ ಅಣ್ಣಯ್ಯ, ಉಣ್ಣಕ್ಕೆ” ಅಂತ ಹದಿನಾಲ್ಕು ವರ್ಷದ ನಮ್ಮ ತಂದೆಯ ಕೈಲಿ ಬರೆಸಿದ್ದಾಳೆ. ಯಾವ ಸಾಲ ಅಂತ ಬರೆದ ಹುಡುಗನಿಗೆ ತಿಳಿಯಲಿಲ್ಲ.

ನನ್ನನ್ನು ಬಹಳ ಕಾಡಿದ್ದು ಒಂದು. 1974ರಲ್ಲಿ ನಮ್ಮವರು ಅಷ್ಟೊಂದು ಮಾತಾಡಿದಾಗ ಅಜ್ಜಿಯ ಅಣ್ಣ ಈ ಕಾಗದವನ್ನು ತಂದು ಎಲ್ಲರ ಮುಂದೆ ಹಿಡಿದಿದ್ದರೆ ನಮ್ಮ ಬಾಯಿ ಮುಚ್ಚುತ್ತಿತ್ತು. ಕಾಗದ ತಂತಿಯಲ್ಲೇ ಇತ್ತು. ಅವರು ತೋರಿಸಲಿಲ್ಲ. ‘ಯಾರಿಗೂ ಹೇಳಬೇಡಿ’ ಅಂತ ತಂಗಿ ಕೇಳಿದ್ದಳು. ಸಾಯುವ ತನಕ ಹೇಳಲಿಲ್ಲ. ಅಜ್ಜಿ ಯಾಕೆ ಸುಮ್ಮನಿದ್ದಳು? ಆಗ ತಾತ ಇನ್ನೂ ಇದ್ದರು. ನಿಜ ಹೇಳಿದರೆ ಗಂಡನ ಮಾನ ಹೋಗುತ್ತದೆ, ಸುಮ್ಮನಿದ್ದರೆ ಅಣ್ಣನ ಮಾನ ಹೋಗುತ್ತದೆ. ಅವಳು ಗಂಡನ ಮಾನ ಉಳಿಸಿದಳು. ಅದು ಸರಿಯೋ ತಪ್ಪೋ ಅಂತ ಹೇಳಲು ನಾನು ದೊಡ್ಡವನಲ್ಲ. ಆದರೆ ತವರಿನಿಂದ ಹಬ್ಬಕ್ಕೆ ಯಾರೂ ಬಾರದ ಹದಿನೇಳು ವರ್ಷ ಅವಳು ಹೇಗೆ ಕಳೆದಳೋ ಅಂತ ನೆನೆದರೆ ಸಂಕಟವಾಗುತ್ತದೆ.

ಇದೆಲ್ಲ ತಿಳಿದ ವರ್ಷ ಗೌರಿಹಬ್ಬಕ್ಕೆ ಮುಂಚೆ ನಾನು, ನನ್ನ ಹೆಂಡತಿ, ತಂದೆಯವರು ಮೂವರೂ ಮೊರದಲ್ಲಿ ಬಾಗಿನ ಕಟ್ಟಿಕೊಂಡು ನಾಗಮಂಗಲದ ಕಡೆ ಹೋದೆವು. ಆ ಮನೆಯ ಹಿರಿಯರ ಮುಂದೆ 1958ರ ಕಾಗದ ಓದಿ ಹೇಳಿದೆವು. ಅವರಿಗೂ ಈ ಸಂಗತಿ ಪೂರ್ತಿ ಗೊತ್ತಿರಲಿಲ್ಲ. ತಂದೆಯವರು ಸೋದರಮಾವನ ಫೋಟೋದ ಮುಂದೆ ಕೈಮುಗಿದು ನಿಂತರು. ಆವತ್ತು ಅಲ್ಲೇ ಊಟ ಮಾಡಿದೆವು. ಈಗ ಹೋಗಿ ಬರುವುದು ನಡೆದಿದೆ. ನಮ್ಮ ಮನೆಯ ಹಬ್ಬದಲ್ಲಿ ಸಣ್ಣ ಮೊರವೂ ಮತ್ತೆ ಬಂದಿದೆ. ಅದು ಯಾರದು ಅಂತ ಈಗ ಮಕ್ಕಳಿಗೆ ಹೇಳುತ್ತೇವೆ.

ಸಂಘದ ಸದಸ್ಯರಲ್ಲಿ ಅರಿಕೆ

ಒಂದು ಸಂಘವೂ ಒಂದು ಮನೆ ಇದ್ದ ಹಾಗೆ. ನಮ್ಮ ಸಂಘದ ಮೊದಲನೆಯ ನಡಾವಳಿ ಪುಸ್ತಕ, ಷೇರು ರಿಜಿಸ್ಟರು, ಮೊದಲ ಬಟವಾಡೆಯ ಪಟ್ಟಿ ಇವೆಲ್ಲ ಬೀರುವಿನ ತಳದಲ್ಲಿ ಬಿದ್ದಿವೆ. ಸಂಘ ಹೇಗೆ ಶುರುವಾಯಿತು, ಯಾರು ಜಾಗ ಕೊಟ್ಟರು, ಯಾರು ವಿರೋಧ ಮಾಡಿದರು, ಮೊದಲ ದಿನ ಎಷ್ಟು ಜನ ಹಾಲು ಹಾಕಿದರು ಅಂತ ಕೇಳಿದರೆ ನಮ್ಮೂರಿನಲ್ಲಿ ಈಗಲೇ ನಾಲ್ಕು ಕಥೆ ಇದೆ. ಇಪ್ಪತ್ತೈದು ವರ್ಷಕ್ಕೇ ಹೀಗಾದರೆ ಐವತ್ತನೇ ವರ್ಷಕ್ಕೆ ಏನಾಗಬಹುದು? ಬಾಯಿಮಾತಿನಲ್ಲಿ ನಿಂತವರಿಗೆಲ್ಲ ಅನ್ಯಾಯ ಆಗುತ್ತದೆ, ನಮ್ಮ ಅಜ್ಜಿಯ ಅಣ್ಣನಿಗೆ ಆದ ಹಾಗೆ. ಆದ್ದರಿಂದ ಆ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ, ತೇವ ಇಲ್ಲದ ಕಡೆ ಇಟ್ಟು, ಒಂದೊಂದು ಪುಟದ ಫೋಟೋ ತೆಗೆಸಿಡಬೇಕು ಅಂತ ಆಡಳಿತ ಮಂಡಳಿಯ ಮುಂದೆ ನನ್ನ ಸಲಹೆ ಇಡುತ್ತೇನೆ.

ಸದಸ್ಯರಲ್ಲಿಯೂ ಒಂದು ಕೋರಿಕೆ. ಮನೆ ಕೀಳಿಸುವಾಗ ಹಳೇ ಕಾಗದವನ್ನು ಒಲೆಗೆ ಹಾಕಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಬೇಡಿ, ಒಳಗೆ ಬೆವರಿ ಅಕ್ಷರ ಹೋಗುತ್ತದೆ. ಹಿಂದೆ ಅಂಟು ಹಚ್ಚಬೇಡಿ. ಹಳೇ ಫೋಟೋಗಳಲ್ಲಿ ಇರುವವರು ಯಾರು ಅಂತ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಕಾಗದದಲ್ಲಿ ಬರೆದದ್ದನ್ನು ಪಹಣಿ, ರಸೀತಿ, ಶಾಲೆಯ ದಾಖಲೆ ಇವುಗಳ ಜೊತೆ ತಾಳೆ ನೋಡಿ. ಬರೆಯದೆ ಬಿಟ್ಟದ್ದನ್ನು ಮನೆಯ ಅಜ್ಜಿಯರನ್ನು ಕೇಳಿ. ಕೇಳುವಾಗ ಅವಸರ ಮಾಡಬೇಡಿ.

ಎಪ್ಪತ್ತು ವರ್ಷದ ಹಿಂದೆ ನಮ್ಮ ತಾತನಿಗೆ ನಾನೂರು ರೂಪಾಯಿಗೆ ಗದ್ದೆ ಬಿಡಬೇಕಾಯಿತು, ಅದನ್ನು ಬಿಡಿಸಲು ಇನ್ನೊಬ್ಬರು ಎತ್ತು ಮಾರಬೇಕಾಯಿತು. ಇವತ್ತು ನಮ್ಮೂರ ಹೆಣ್ಣುಮಗಳು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ, ಬಟವಾಡೆಯ ಹಣ ತನ್ನ ಹೆಸರಿಗೆ ಪಡೆಯುತ್ತಾಳೆ, ತನ್ನ ಕೈಯಲ್ಲೇ ರುಜು ಮಾಡುತ್ತಾಳೆ. ಹಬ್ಬದ ಬಳೆಗೆ ಯಾರನ್ನೂ ಕೇಳಬೇಕಾಗಿಲ್ಲ. ಅವಳ ರುಜು ಇರುವ ಆ ಪುಸ್ತಕವೇ ಮುಂದೆ ಅವಳ ಮೊಮ್ಮಕ್ಕಳಿಗೆ ಇತಿಹಾಸ. ಅದನ್ನು ಜೋಪಾನ ಮಾಡೋಣ.

ಬರಹದಲ್ಲಿ ತಪ್ಪು ಒಪ್ಪು ಇದ್ದರೆ ದೊಡ್ಡ ಮನಸ್ಸಿನಿಂದ ಮನ್ನಿಸಬೇಕು. ನಮ್ಮ ಸಂಘ ಬೆಳ್ಳಿಹಬ್ಬದಿಂದ ಚಿನ್ನದ ಹಬ್ಬಕ್ಕೆ ನಡೆಯಲಿ.